16 ಇಂಚಿನ ಅನಿಲ ಮಾರ್ಗ: ಪಿಗ್ ಲಾಂಚರ್, ರಿಸೀವರ್ ಎರಡಕ್ಕೂ ಒಂದೇ ನಕ್ಷೆ ಸಾಕೇ?

ಕೇಳಿದವರು: ನಕ್ಷೆಗಾರ, ಬೆಂಗಳೂರು

ನೈಸರ್ಗಿಕ ಅನಿಲದ 16 ಇಂಚಿನ ಕೊಳವೆಮಾರ್ಗಕ್ಕೆ ಪಿಗ್ ಟ್ರ್ಯಾಪ್‌ಗಳ (ಕೊಳವೆಯೊಳಗೆ ಅನಿಲದ ಒತ್ತಡದಿಂದ ಓಡುವ ಪಿಗ್ ಎಂಬ ಸಾಧನವನ್ನು ಒಳಬಿಡುವ, ಹೊರತೆಗೆಯುವ ಕೋಣೆಗಳ) ವಿನ್ಯಾಸ ಮಾಡುತ್ತಿದ್ದೇನೆ. ವಿನ್ಯಾಸ ಒತ್ತಡ 92 ಬಾರ್. ಎರಡೂ ತುದಿಗೆ 20 ಇಂಚಿನ ಬ್ಯಾರಲ್ (ಟ್ರ್ಯಾಪ್‌ನ ಅಗಲ ಭಾಗ) ಇಟ್ಟು, ಒಂದೇ ನಕ್ಷೆಯಲ್ಲಿ ಲಾಂಚರ್ (ಪಿಗ್ ಕಳಿಸುವ ಟ್ರ್ಯಾಪ್) ಮತ್ತು ರಿಸೀವರ್ (ಪಿಗ್ ಬಂದು ಸೇರುವ ಟ್ರ್ಯಾಪ್) ಮಾಡಿಸಿದರೆ ಖರ್ಚು ಉಳಿಯುತ್ತದೆ ಎಂಬುದು ತಂಡದ ಲೆಕ್ಕ. ಸದ್ಯಕ್ಕೆ ಸ್ವಚ್ಛಗೊಳಿಸುವ ಪಿಗ್ ಮಾತ್ರ ಓಡುತ್ತದೆ. ಮುಂದೆ ಗೋಡೆಯ ಸವೆತ ಅಳೆಯುವ ಇಂಟೆಲಿಜೆಂಟ್ ಪಿಗ್ ಬರಲಿದೆ. ಅದರ ಉದ್ದ ಸುಮಾರು ಮೂರೂವರೆ ಮೀಟರ್. ಬ್ಯಾರಲ್ ಮೇಲೆ, ಬಾಗಿಲ ಹತ್ತಿರ, ಒಂದು ಪ್ರೆಷರ್ ಗೇಜ್ ತೋರಿಸಿದ್ದೇನೆ. ಇಷ್ಟು ಸಾಕೇ?

ಉತ್ತರ: ಕಡಲತಡಿ, ಮಂಗಳೂರು (ಕೊಳವೆಮಾರ್ಗ ನಿರ್ವಹಣೆ, ನಿವೃತ್ತ)

ಉದ್ದದ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಆ ಗೇಜ್. ಒಂದು ಖಂಡಿತ ಸಾಲದು.

ಪಿಗ್ ಒಳಗೆ ಕುಳಿತ ಮೇಲೆ ಟ್ರ್ಯಾಪ್ ಒಂದೇ ಕೋಣೆಯಾಗಿ ಉಳಿಯುವುದಿಲ್ಲ. ಪಿಗ್‌ನ ಕಪ್‌ಗಳು (ಬಟ್ಟಲಾಕಾರದ ಸೀಲ್‌ಗಳು) ಗೋಡೆಗೆ ಬಿಗಿಯಾಗಿ ಒತ್ತಿಕೊಂಡು ಟ್ರ್ಯಾಪ್ ಅನ್ನು ಎರಡು ಭಾಗ ಮಾಡುತ್ತವೆ. ಬಾಗಿಲ ಕಡೆಯ ವೆಂಟ್ ತೆರೆದು ಅನಿಲ ಹೊರಬಿಟ್ಟಿದ್ದೀರಿ, ಗೇಜ್ ಸೊನ್ನೆ ತೋರಿಸುತ್ತಿದೆ. ಆದರೆ ಪಿಗ್ ಮತ್ತು ಟ್ರ್ಯಾಪ್ ವಾಲ್ವ್ (ಟ್ರ್ಯಾಪ್ ಅನ್ನು ಮುಖ್ಯ ಮಾರ್ಗದಿಂದ ಬೇರ್ಪಡಿಸುವ ವಾಲ್ವ್) ನಡುವೆ ಒತ್ತಡ ಹಾಗೆಯೇ ಇರಬಹುದು. ಬಾಗಿಲು ತೆಗೆದಾಗ ಪಿಗ್ ಎದುರಿಗೆ ನಿಂತವನ ಮೇಲೆ ನುಗ್ಗುತ್ತದೆ. ಒಂದು ಬಾರ್ ಉಳಿದಿದ್ದರೂ 16 ಇಂಚಿನ ಕೊಳವೆಯಲ್ಲಿ ಪಿಗ್ ಹಿಂದೆ ಸುಮಾರು 1.2 ಟನ್ ತೂಕದಷ್ಟು ಬಲ ಇರುತ್ತದೆ. 20 ಇಂಚಿನ ಬಾಗಿಲ ಮೇಲೆ ಅದು 1.8 ಟನ್ ದಾಟುತ್ತದೆ. ದ್ರವದ ಮಾರ್ಗದಲ್ಲಿ ಸ್ವಲ್ಪ ದ್ರವ ಹೊರಹೋದರೆ ಒತ್ತಡ ಕುಸಿಯುತ್ತದೆ. ಅನಿಲ ಹಿಗ್ಗುತ್ತಾ ತಳ್ಳುತ್ತಲೇ ಇರುತ್ತದೆ.

ಆದ್ದರಿಂದ ರಿಡ್ಯೂಸರ್‌ನ (20 ಇಂಚಿನ ಬ್ಯಾರಲ್ 16 ಇಂಚಿಗೆ ಕಿರಿದಾಗುವ ತುಂಡಿನ) ಎರಡೂ ಬದಿಗೆ ಪ್ರತ್ಯೇಕ ಗೇಜ್, ಪ್ರತ್ಯೇಕ ವೆಂಟ್ ಇಡಿ. ಎರಡೂ ಭಾಗಗಳನ್ನು ಜೋಡಿಸುವ ಬ್ಯಾಲೆನ್ಸ್ ಲೈನ್ ಕೊಡಿ. ಗೇಜ್‌ನ ಅಳತೆಯನ್ನೂ ಯೋಚಿಸಿ: 0–160 ಬಾರ್ ಗೇಜ್‌ನ ಮುಳ್ಳು ಒಂದು ಬಾರ್ ಇದ್ದಾಗ ಸೊನ್ನೆಯ ಮೇಲೇ ಕೂತಂತೆ ಕಾಣುತ್ತದೆ. ಕೆಳ ಅಳತೆಯ ಇನ್ನೊಂದು ಗೇಜ್ ಅನ್ನು ಐಸೊಲೇಷನ್ ವಾಲ್ವ್ ಹಿಂದೆ ಇಟ್ಟು, ಕೊನೆಯ ಹಂತದಲ್ಲಿ ಮಾತ್ರ ತೆರೆಯುವಂತೆ ಮಾಡಬಹುದು. ಬಾಗಿಲಿಗೆ ಒತ್ತಡ ಇರುವಾಗ ತೆರೆಯದಂತೆ ತಡೆಯುವ ಇಂಟರ್‌ಲಾಕ್ ಇರಲೇಬೇಕು. ಆದರೆ ಅದು ನೋಡುವುದು ಬಾಗಿಲ ಕಡೆಯ ಒತ್ತಡವನ್ನು ಮಾತ್ರ. ಪಿಗ್‌ನ ಆಚೆಗೆ ಏನಿದೆ ಎಂಬುದು ಅದಕ್ಕೆ ತಿಳಿಯದು. ಇದನ್ನು ನಾನು ಹೊಸಬರಿಗೆ ಮತ್ತೆ ಮತ್ತೆ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಬ್ಯಾಲೆನ್ಸ್ ಲೈನ್ ಉಡಾವಣೆಗೂ ಬೇಕು. ಒತ್ತಡ ತುಂಬುವಾಗ ಕಿಕ್ಕರ್ ಲೈನ್‌ನಿಂದ (ಪಿಗ್‌ನ ಹಿಂದೆ ಅನಿಲ ತರುವ ಕೊಳವೆಯಿಂದ) ಮಾತ್ರ ಅನಿಲ ಬಿಟ್ಟರೆ ಪಿಗ್ ಮುಚ್ಚಿದ ವಾಲ್ವ್‌ಗೆ ಹೋಗಿ ಗುದ್ದುತ್ತದೆ. ವಾಲ್ವ್ ಕಡೆಯಿಂದ ತುಂಬಿದರೆ ಹಿಂದಕ್ಕೆ ಜಾರಿ ದೊಡ್ಡ ಬ್ಯಾರಲ್‌ಗೆ ಬೀಳುತ್ತದೆ. ಆಮೇಲೆ ಅನಿಲ ಕಪ್‌ಗಳ ಪಕ್ಕದಿಂದ ಹಾದುಹೋಗುತ್ತದೆ, ಪಿಗ್ ಕದಲುವುದಿಲ್ಲ.

ಈಗ ಉದ್ದ. ಒಂದೇ ನಕ್ಷೆ ಬೇಡ. ಲಾಂಚರ್‌ನಲ್ಲಿ ಮುಂದಿನ ಕಪ್ ರಿಡ್ಯೂಸರ್ ದಾಟಿ 16 ಇಂಚಿನ ಕೊಳವೆಯಲ್ಲಿ ಹಿಡಿದರೆ ಕೆಲಸ ಆಯಿತು. ರಿಸೀವರ್‌ನಲ್ಲಿ ಹಾಗಲ್ಲ. ಹಲವು ಇಂಟೆಲಿಜೆಂಟ್ ಪಿಗ್‌ಗಳಲ್ಲಿ ಎಳೆಯುವ ಕಪ್‌ಗಳು ಮುಂದಿನ ಭಾಗದಲ್ಲಿರುತ್ತವೆ. ಆ ಭಾಗ 20 ಇಂಚಿನ ಬ್ಯಾರಲ್‌ಗೆ ಬಂದೊಡನೆ ಎಳೆತ ನಿಲ್ಲುತ್ತದೆ. ಟ್ರ್ಯಾಪ್ ವಾಲ್ವ್‌ನಿಂದ ರಿಡ್ಯೂಸರ್‌ವರೆಗಿನ 16 ಇಂಚಿನ ತುಂಡು ಪಿಗ್‌ಗಿಂತ ಚಿಕ್ಕದಿದ್ದರೆ ಬಾಲ ವಾಲ್ವ್‌ನೊಳಗೇ ಉಳಿಯುತ್ತದೆ. ವಾಲ್ವ್ ಮುಚ್ಚಲಾಗದು, ಬಾಗಿಲು ತೆರೆಯಲಾಗದು. ಆದ್ದರಿಂದ ಅಲ್ಲಿ ಆ ತುಂಡೇ ಇಡೀ ಪಿಗ್‌ಗಿಂತ ಉದ್ದವಾಗಿರಲಿ. ದೊಡ್ಡ ಬ್ಯಾರಲ್‌ನಲ್ಲೂ ಪಿಗ್ ಹಿಡಿಸಿ, ಅದು ತಳ್ಳಿಕೊಂಡು ಬಂದ ಕಸಕ್ಕೂ ಜಾಗ ಇರಲಿ. ಬಾಗಿಲ ಮುಂದೆ ಪಿಗ್ ಹೊರಗೆಳೆಯುವಷ್ಟು ಖಾಲಿ ನೆಲವನ್ನು ಪ್ಲಾಟ್ ಪ್ಲಾನ್‌ನಲ್ಲೇ ಕಾಯ್ದಿರಿಸಿ. ಬೇಲಿ ಹಾಕಿದ ಮೇಲೆ ಜಾಗ ಹುಡುಕುವ ಪಾಡು ಬೇಡ.

ಉತ್ತರ: ಮರಳುನಾಡು, ಅಬುಧಾಬಿ

ಮೇಲಿನವರ ಮಾತಿಗೆ ರಿಸೀವರ್ ಬಗ್ಗೆ ಒಂದು ಸೇರ್ಪಡೆ. ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ಇದ್ದರೆ ಪಿಗ್ ಜೊತೆ ಬರುವ ಕಪ್ಪು ಪುಡಿಯಲ್ಲಿ ಐರನ್ ಸಲ್ಫೈಡ್ ಇರಬಹುದು. ಒಣಗಿದ್ದರೆ ಗಾಳಿ ತಗುಲಿದ ಮೇಲೆ ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ನೈಟ್ರೋಜನ್ ಹಾಯಿಸಲು ಒಂದು ನಳಿಕೆ, ಬಾಗಿಲು ತೆಗೆಯುವ ಮೊದಲೇ ನೀರು ಬಿಡಲು ಇನ್ನೊಂದು, ಎರಡನ್ನೂ ನಕ್ಷೆಯಲ್ಲೇ ಹಾಕಿ. ಡ್ರೇನ್ ಕೊಳವೆ ಸಣ್ಣದಾದರೆ ಕೆಸರು ಕಟ್ಟಿಕೊಳ್ಳುತ್ತದೆ. ಹೊರತೆಗೆದ ಕಸವನ್ನು ಒದ್ದೆಯಾಗಿಯೇ ಸಾಗಿಸಬೇಕು.

ನಕ್ಷೆಗಾರ

ಇಬ್ಬರಿಗೂ ಧನ್ಯವಾದಗಳು. ಎರಡು ನಕ್ಷೆ ಮಾಡುತ್ತೇನೆ. ಅನಿಲ ಸಿಹಿಯೇ (ಹೈಡ್ರೋಜನ್ ಸಲ್ಫೈಡ್ ಇಲ್ಲವೆನ್ನುವಷ್ಟು ಕಡಿಮೆ), ಆದರೂ ನೈಟ್ರೋಜನ್ ಮತ್ತು ನೀರಿನ ನಳಿಕೆಗಳನ್ನು ಸೇರಿಸುತ್ತೇನೆ. ಲಾಂಚರ್‌ಗೆ ಎಕ್ಸೆಂಟ್ರಿಕ್ ರಿಡ್ಯೂಸರ್ (ಒಂದು ಬದಿ ನೇರವಾಗಿರುವುದು), ಚಪ್ಪಟೆ ಬದಿ ಕೆಳಗೆ ಎಂದು ಇಟ್ಟಿದ್ದೇನೆ. ಸರಿಯೇ?

ಕಡಲತಡಿ

ಸರಿ. ಅಡ್ಡ ಮಲಗಿದ ಟ್ರ್ಯಾಪ್‌ನಲ್ಲಿ ತಳ ಒಂದೇ ಮಟ್ಟದಲ್ಲಿದ್ದರೆ ಭಾರದ ಪಿಗ್ ಮೆಟ್ಟಿಲು ಹತ್ತದೆ ಒಳಗೆ ಸರಿಯುತ್ತದೆ. ಕಿಕ್ಕರ್ ಲೈನ್ ಬಾಗಿಲಿಗೆ ಸಾಧ್ಯವಾದಷ್ಟು ಹತ್ತಿರ, ಪಿಗ್‌ನ ಹಿಂದೆ ಬರಲಿ. ಬೈಪಾಸ್ ಟೀಗಳಿಗೆ (ಪಕ್ಕಕ್ಕೆ ಕವಲೊಡೆಯುವ ಜೋಡಣೆಗಳಿಗೆ) ಪಿಗ್ ಸಿಕ್ಕಿಕೊಳ್ಳದಂತೆ ಅಡ್ಡಸರಳು ಹಾಕಿಸಿ. ಟ್ರ್ಯಾಪ್ ವಾಲ್ವ್ ಫುಲ್ ಬೋರ್ (ಒಳದಾರಿ ಕೊಳವೆಯಷ್ಟೇ ಅಗಲ) ಎಂದು ಖರೀದಿ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ, ಒಳವ್ಯಾಸವನ್ನು ಮಿಲಿಮೀಟರ್‌ನಲ್ಲಿ ನಮೂದಿಸಿ. ಪಿಗ್ ಪೂರೈಸುವವರಿಂದ ಆಯಾಮದ ನಕ್ಷೆ ತರಿಸಿಕೊಂಡ ಮೇಲೆಯೇ ಉದ್ದಗಳನ್ನು ಅಂತಿಮಗೊಳಿಸಿ.