ಶೆಡ್‌ನ ನೆಲದಡಿ ಗ್ರೌಂಡ್‌ಹಾಗ್: ಟೇಬಲ್ ಸಾ ಪದೇ ಪದೇ ಮಟ್ಟ ತಪ್ಪುತ್ತಿದೆ

ಕೀಸುಳಿ (ಮ್ಯಾಸಚೂಸೆಟ್ಸ್), ಮೇ ತಿಂಗಳು

ಹಿತ್ತಲಿನ ಮರದ ಶೆಡ್ಡೇ ನನ್ನ ಮರಗೆಲಸದ ಕೋಣೆ. ಜಲ್ಲಿಯ ಮೇಲೆ ಕಾಂಕ್ರೀಟ್ ಬ್ಲಾಕ್ ಇಟ್ಟು, ಅದರ ಮೇಲೆ ತೊಲೆ ಕೂರಿಸಿ ಹಲಗೆ ಬಡಿದ ನೆಲ. ಚಳಿಗಾಲ ಕಳೆದಾಗಿನಿಂದ ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ ಯಂತ್ರ) ಹಿಂಬದಿಯ ಮೂಲೆಗೆ ವಾಲುತ್ತಿದೆ. ಕಾಲಿನ ತಿರುಪು ತಿರುಗಿಸಿ ಸರಿಪಡಿಸಿದರೂ ಕೆಲವೇ ದಿನಗಳಲ್ಲಿ ರಸಮಟ್ಟದ ಗುಳ್ಳೆ ಮತ್ತೆ ಪಕ್ಕಕ್ಕೆ ಸರಿದಿರುತ್ತದೆ. ಬಾಗಿಲೂ ಚೌಕಟ್ಟಿಗೆ ಉಜ್ಜುತ್ತಿದೆ. ಆ ಮೂಲೆಯ ಹೊರಗೆ ಸುಮಾರು ಹನ್ನೊಂದು ಇಂಚು ಅಗಲದ ಬಿಲವಿದೆ, ಅದರ ಮುಂದೆ ಹಸಿ ಮಣ್ಣಿನ ಗುಡ್ಡೆ. ಬಿಲದ ಒಡೆಯ ಗ್ರೌಂಡ್‌ಹಾಗ್ (ಬಿಲ ತೋಡಿ ಬದುಕುವ, ಬೆಕ್ಕಿನಷ್ಟು ದೊಡ್ಡ ದಂಶಕ) ಹಾಡುಹಗಲೇ ಓಡಾಡುತ್ತಾನೆ. ಹಗಲಿನಲ್ಲಿ ಹೊರಬರುವುದು ರೇಬೀಸ್ ಲಕ್ಷಣವೇ? ಬಿಲಕ್ಕೆ ಸಿಮೆಂಟ್ ಸುರಿದುಬಿಡಲೇ?

ಮಲೆನಾಡಬಡಗಿ (ತೀರ್ಥಹಳ್ಳಿ)

ನಮ್ಮಲ್ಲಿ ಹೆಗ್ಗಣದ ಬಿಲಕ್ಕೆ ಒಣಮೆಣಸಿನಕಾಯಿ ಹೊಗೆ ಹಾಕುತ್ತೇವೆ. ಆಮೇಲೆ ಗಾಜಿನ ಚೂರು ಬೆರೆಸಿದ ಸಿಮೆಂಟ್ ಮೆತ್ತಿದರೆ ಮುಗಿಯಿತು. ಅಲ್ಲಿಯೂ ಅದೇ ಆದೀತು.

ಹಳೆಗರಗಸ (ನ್ಯೂಯಾರ್ಕ್)

ಬಡಗಿಯವರೇ, ಮರದಪುಡಿ, ವಾರ್ನಿಷ್ ಡಬ್ಬಿಗಳಿರುವ ಶೆಡ್‌ನ ಅಡಿಯಲ್ಲಿ ಹೊಗೆಯ ಮಾತು ಬೇಡ. ಇಲ್ಲಿ ಬಿಲದೊಳಗೆ ಹೊತ್ತಿಸಿಡುವ ಗ್ಯಾಸ್ ಕಾರ್ಟ್ರಿಜ್ ಎಂಬುದೂ ಸಿಗುತ್ತದೆ. ಉರಿದಾಗ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ; ಕಟ್ಟಡದ ಅಡಿಯಲ್ಲಿ, ಹತ್ತಿರದಲ್ಲಿ ಬಳಸಬಾರದೆಂದು ಅದರ ಮೇಲೆಯೇ ಬರೆದಿರುತ್ತದೆ.

ಕೀಸುಳಿಯವರೇ, ಹೆಗ್ಗಣ ರಾತ್ರಿಯ ಪ್ರಾಣಿ, ಇದು ಹಗಲಿನದು. ಬಿಸಿಲಲ್ಲಿ ಹುಲ್ಲು ಮೇಯುತ್ತಿದ್ದರೆ ಆರೋಗ್ಯವಾಗಿದೆ ಎಂದೇ ಲೆಕ್ಕ. ಆದರೆ ಅಮೆರಿಕದಲ್ಲಿ ದಂಶಕಗಳ ಪೈಕಿ ರೇಬೀಸ್ ಹೆಚ್ಚಾಗಿ ಪತ್ತೆಯಾಗುವುದು ಇದರಲ್ಲಿಯೇ. ತೂರಾಡುತ್ತಿದ್ದರೆ, ಜನರ ಮೇಲೆ ಏರಿಬಂದರೆ ದೂರ ನಿಂತು ಪ್ರಾಣಿ ನಿಯಂತ್ರಣ ಇಲಾಖೆಗೆ ಕರೆ ಮಾಡಿ.

ಈಗ ಸಿಮೆಂಟ್ ಖಂಡಿತ ಸುರಿಯಬೇಡಿ. ಮರಿ ಹಾಕುವುದು ಏಪ್ರಿಲ್‌ನಿಂದ ಮೇ ಮೊದಲ ಭಾಗದವರೆಗೆ. ನಿಮ್ಮ ನೆಲದಡಿ ಈಗ ನಾಲ್ಕೈದು ಮರಿಗಳಿರಬಹುದು. ತಾಯಿಯನ್ನು ಹೊರಗೆ ಹಾಕಿ ಬಿಲ ಮುಚ್ಚಿದರೆ ಅವು ಒಳಗೇ ಸಾಯುತ್ತವೆ. ಅವು ಕೊಳೆತ ವಾಸನೆಯಲ್ಲಿ ಕೀಸುಳಿ ಹಿಡಿದು ನಿಲ್ಲುವುದು ನಿಮ್ಮಿಂದಾಗದು. ತಾಯಿ ಹೊರಗೆ ಉಳಿದರೆ ಪಕ್ಕದಲ್ಲೇ ಇನ್ನೊಂದು ಸುರಂಗ ತೋಡುತ್ತಾಳೆ. ಚಳಿಗಾಲದಲ್ಲೂ ಮುಚ್ಚುವಂತಿಲ್ಲ, ಆಗ ಅದು ಒಳಗೆ ದೀರ್ಘನಿದ್ದೆಯಲ್ಲಿರುತ್ತದೆ. (ಫೆಬ್ರುವರಿ 2ರಂದು ಪೆನ್ಸಿಲ್ವೇನಿಯಾದ ಪಂಕ್ಸುಟಾನಿಯಲ್ಲಿ ಎತ್ತರದ ಟೋಪಿ ಹಾಕಿಕೊಂಡವರು ‘ಗ್ರೌಂಡ್‌ಹಾಗ್ ದಿನ’ ಆಚರಿಸಿ, ಚಳಿಗಾಲ ಇನ್ನೆಷ್ಟು ದಿನ ಎಂದು ಕೇಳುವುದು ಇದೇ ಜಾತಿಯ ಪ್ರಾಣಿಯನ್ನು. 1887ರಿಂದ ಕೇಳುತ್ತಿದ್ದಾರೆ, ಪಾಪ, ಅದಕ್ಕೆ ನಿದ್ದೆ ಸಾಲುವುದಿಲ್ಲ.) ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮರಿಗಳು ಬೇರೆಯಾಗಿರುತ್ತವೆ, ನಿದ್ದೆಯೂ ಶುರುವಾಗಿರುವುದಿಲ್ಲ. ನಿಮ್ಮ ಕಾಲ ಅದೇ.

ಅಲ್ಲಿಯವರೆಗೆ ಟೇಬಲ್ ಸಾ ಅನ್ನು ಎದುರಿನ ಗೋಡೆಯ ಕಡೆಗೆ ಸರಿಸಿ. ಶೆಡ್‌ಗೆ ಹೋಗುವ ವಿದ್ಯುತ್ ತಂತಿ ನೆಲದಡಿಯಿಂದ ಬಂದಿದ್ದರೆ ಬ್ರೇಕರ್ ಇಳಿಸಿ, ಟಾರ್ಚ್ ಹಾಕಿ ನೋಡಿ. ಇದರ ಬಾಚಿಹಲ್ಲು ಜೀವಮಾನವಿಡೀ ಬೆಳೆಯುವುದರಿಂದ ಕಡಿಯದೆ ಗತ್ಯಂತರವಿಲ್ಲ, ಮರವಾದರೂ ಸರಿ, ತಂತಿಯಾದರೂ ಸರಿ.

ಕೀಸುಳಿ

ಹೊಗೆ, ಸಿಮೆಂಟ್ ಎರಡೂ ಕೈಬಿಟ್ಟೆ. ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟು ಬರಬಹುದಲ್ಲ?

ಹಳೆಗರಗಸ

ನಿಮ್ಮ ರಾಜ್ಯದಲ್ಲಿ ಹಿಡಿದು ಬೇರೆಡೆ ಬಿಡುವುದು ಕಾನೂನುಬಾಹಿರ. ಅದೂ ಅಲ್ಲದೆ ಖಾಲಿಯಾದ ಬಿಲಕ್ಕೆ ದುರ್ವಾಸನೆಯ ದ್ರವ ಚಿಮ್ಮಿಸುವ ಸ್ಕಂಕ್ ಬಂದು ಸೇರಬಹುದು. ಅದಕ್ಕಿಂತ ಇದೇ ವಾಸಿ ಎನ್ನುವಿರಿ.

ಮೊದಲು ಎಲ್ಲ ಬಾಯಿಗಳನ್ನೂ ಹುಡುಕಿ. ಮಣ್ಣಿನ ಗುಡ್ಡೆ ಇರುವುದು ಮುಖ್ಯ ಬಾಗಿಲು. ತಪ್ಪಿಸಿಕೊಳ್ಳುವ ಬಾಯಿಗಳನ್ನು ಅದು ಒಳಗಿನಿಂದ ಮೇಲಕ್ಕೆ ತೋಡಿರುತ್ತದೆ. ಸುತ್ತ ಒಂದು ಹಿಡಿ ಮಣ್ಣೂ ಕಾಣದು, ಹುಲ್ಲಿನ ನಡುವೆ ಕಾಲಿಟ್ಟಾಗಲೇ ಗೊತ್ತಾಗುವುದು. ಅವಕ್ಕೆಲ್ಲ ಜಾಲರಿ ಬಿಗಿದು, ಮುಖ್ಯ ಬಾಗಿಲಿಗೆ ಹೊರಗಷ್ಟೇ ತೆರೆಯುವ ತೂಗುಬಾಗಿಲು ಕೂರಿಸಿ. ಹೊರಹೋಯಿತು ಅನ್ನಿಸಿದ ಮೇಲೆ ತೂಗುಬಾಗಿಲಿನ ಒಳಬದಿಗೆ, ಬಿಲದ ಬಾಯಲ್ಲಿ ಹಾಳೆಯನ್ನು ಉಂಡೆಮಾಡಿ ಸಡಿಲವಾಗಿ ತುರುಕಿ. ಐದು ದಿನ ಹಾಳೆ ಕದಲದಿದ್ದರೆ ಒಳಗೆ ಯಾರೂ ಇಲ್ಲ.

ಬಳಿಕ ಶೆಡ್‌ನ ನಾಲ್ಕೂ ಸುತ್ತ ಒಂದು ಅಡಿ ಆಳ ಅಗೆದು, ಬೆಸುಗೆ ಹಾಕಿದ ಸತುಲೇಪಿತ ಜಾಲರಿಯನ್ನು ಅಡಿತೊಲೆಗೆ ಬಿಗಿದು ಕೆಳಗಿಳಿಸಿ. ಗುಂಡಿಯ ತಳದಲ್ಲಿ ಅದನ್ನು ಹೊರಕ್ಕೆ ಮಡಚಿ ಇನ್ನೊಂದು ಅಡಿ ಹಾಸಿ. ಗೋಡೆಯ ಬುಡದಲ್ಲಿ ತೋಡುತ್ತ ಬರುವ ಪ್ರಾಣಿಗೆ ಉಗುರಿನಡಿ ಜಾಲರಿ ಸಿಗುತ್ತದೆ. ಹಿಂದೆ ಸರಿದು ತೋಡಬೇಕೆಂಬ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಕೋಳಿಗೂಡಿನ ತೆಳುಜಾಲರಿ ಅಗ್ಗ, ಆದರೆ ಮಣ್ಣಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ.

ಕೀಸುಳಿ, ಆಗಸ್ಟ್

ಬಿಲ ಖಾಲಿ, ಹಾಳೆಯ ಉಂಡೆ ಇಟ್ಟಲ್ಲೇ ಇದೆ. ಎರಡನೆಯ ಬಾಯಿ ಸಿಕ್ಕಿದ್ದು ಗೊಬ್ಬರದ ಗುಂಡಿಯ ಹಿಂದೆ. ಕುಸಿದ ಮೂಲೆಯ ತೊಲೆಗೆ ಜಾಕ್ ಕೊಟ್ಟು ಎತ್ತಿ ನೋಡಿದರೆ ಬ್ಲಾಕಿನ ಅಡಿಯ ಜಲ್ಲಿಯೆಲ್ಲ ಸುರಂಗಕ್ಕೆ ಜಾರಿದೆ, ಬ್ಲಾಕಿನ ಅರ್ಧಭಾಗ ಗಾಳಿಯಲ್ಲಿತ್ತು. ಸುರಂಗಕ್ಕೆ ಕಾಂಕ್ರೀಟ್ ತುಂಬಲೇ?

ಮಲೆನಾಡಬಡಗಿ

ಇದಕ್ಕೆ ನನ್ನ ಮಾತು ಕೇಳಬಹುದು. ಕಾಂಕ್ರೀಟ್ ಬೇಡ, ಅದು ಎಲ್ಲಿಗೆ ಹರಿದು ಎಲ್ಲಿ ನಿಂತಿತೆಂದು ಕಾಣುವುದಿಲ್ಲ. ಬ್ಲಾಕ್ ತೆಗೆದು ಗಟ್ಟಿನೆಲ ಸಿಗುವವರೆಗೆ ಬಿಡಿಸಿ. ಮಣ್ಣು, ಜಲ್ಲಿಯನ್ನು ನಾಲ್ಕಿಂಚಿನ ಪದರ ಪದರವಾಗಿ ಹಾಕಿ ದಮ್ಮಸ್ಸು ಮಾಡಿ. ಸಲಾಕೆ ಊರಿದರೆ ಇಳಿಯಬಾರದು. ಆಮೇಲೆ ಬ್ಲಾಕ್ ಇಟ್ಟು ಜಾಕ್ ನಿಧಾನ ಇಳಿಸಿ. ಒಮ್ಮೆಲೇ ಇಳಿಸಿದರೆ ಬಾಗಿಲ ಚೌಕಟ್ಟು ಕಳಚೀತು.

ಹಳೆಗರಗಸ

ಜಾಕ್ ಮೇಲೆ ತೊಲೆ ನಿಂತಿರುವಾಗ ಆಸರೆಗೆ ಮರದ ದಿಮ್ಮಿ ಕೊಡದೆ ಅಡಿಗೆ ಕೈ ಹಾಕಬೇಡಿ. ಯಂತ್ರ ಒಯ್ಯುವ ಇಳಿಜಾರು ಹಲಗೆಯಡಿಯೂ ಜಾಲರಿ ಬಂದಿದೆ ತಾನೆ? ಎಲ್ಲರೂ ಬಿಡುವ ಜಾಗ ಅದೇ.

ಕೀಸುಳಿ

ಅಲ್ಲಿ ಇನ್ನೂ ಹಾಕಿಲ್ಲ. ಶನಿವಾರ ಹಲಗೆ ಕಳಚುತ್ತೇನೆ, ಜಾಲರಿ ಅರ್ಧ ಸುರುಳಿ ಉಳಿದಿದೆ.