ಮಿಸ್ ಪ್ಯಾಕ್‌ಮ್ಯಾನ್ ಕ್ಯಾಬಿನೆಟ್: ಸ್ಕ್ರೀನ್ ಮಧ್ಯ ಮೇಲಿಂದ ಕೆಳಗೆ ಒಂದೇ ಗೆರೆ, ಸೌಂಡ್ ಮಾತ್ರ ಸರಿಯಾಗಿದೆ

ಗ್ಯಾರೇಜ್_ಗೇಮರ್ (ನ್ಯೂಜೆರ್ಸಿ)

ಎಲ್ರಿಗೂ ನಮಸ್ಕಾರ. ನನ್ ಹತ್ರ ಮಿಡ್‌ವೇ ಕಂಪನಿಯ 1982ರ ಮಿಸ್ ಪ್ಯಾಕ್‌ಮ್ಯಾನ್ ಆರ್ಕೇಡ್ ವಿಡಿಯೋ ಗೇಮ್ ಇದೆ, ನಿಂತ್ಕೊಂಡು ಆಡೋ ದೊಡ್ಡ ಕ್ಯಾಬಿನೆಟ್, ಒಳಗಿರೋದು ಎಲೆಕ್ಟ್ರೋಹೋಮ್ ಜಿ07, 19 ಇಂಚಿನ ಕಲರ್ ಮಾನಿಟರ್. ಕೆಲವು ವಾರದಿಂದ ಆಟದ ಮಧ್ಯ ಚಿತ್ರ ಪಟ್ ಅಂತ ಕುಗ್ಗಿ ಮತ್ತೆ ತಾನೇ ಸರಿಹೋಗ್ತಿತ್ತು, ಒಂದೊಂದ್ಸಲ ಕ್ಯಾಬಿನೆಟ್ ಪಕ್ಕಕ್ಕೆ ತಟ್ಟಿದ್ರೆ ಬರ್ತಿತ್ತು. ಈಗ ಏನ್ ಮಾಡಿದ್ರೂ ಪರದೆ ಮಧ್ಯದಲ್ಲಿ ಮೇಲಿಂದ ಕೆಳಗಿನ ತನಕ ಒಂದೇ ಒಂದು ಗೆರೆ, ಕಣ್ಣು ಕುಕ್ಕೋ ಅಷ್ಟು ಬೆಳಕು. ಹತ್ತಿರ ಹೋಗಿ ನೋಡಿದ್ರೆ ಗೆರೆಯೊಳಗೇ ಬಣ್ಣದ ಚೂರುಗಳು ಮೇಲೆ ಕೆಳಗೆ ಓಡಾಡ್ತಿವೆ, ಅಂದ್ರೆ ಆಟ ನಡೀತಿದೆ. ಕಾಯಿನ್ ಹಾಕಿದ್ರೆ ಮ್ಯೂಸಿಕ್ಕೂ ಬರುತ್ತೆ.

ಗೆರೆ ನಿಂತಿರೋದ್ರಿಂದ ಅಗಲ ಹೋಗಿದೆ, ಅಂದ್ರೆ ಚಿತ್ರಾನ ಅಡ್ಡಕ್ಕೆ ಹರಡೋ ಹಾರಿಜಾಂಟಲ್ ಸೆಕ್ಷನ್ ಸತ್ತಿದೆ ಅಂತ ಅರ್ಥನಾ? ಆಟ ನಡೆಸೋ ಗೇಮ್ ಬೋರ್ಡ್ ಕೆಟ್ಟಿರಬಹುದಾ? ಇಲ್ಲಿ ಫ್ರೆಂಡ್ ಒಬ್ರು ಟ್ಯೂಬ್ ಕಿತ್ತು ಎಲ್‌ಸಿಡಿ ಹಾಕ್ಬಿಡು ಅಂತಿದ್ದಾರೆ, ನಂಗೆ ಮನಸ್ಸಿಲ್ಲ. ಸೋಲ್ಡರಿಂಗ್ ಬರುತ್ತೆ, ಮಲ್ಟಿಮೀಟರ್ ಇದೆ, ಆದ್ರೆ ಸಿಆರ್‌ಟಿ (ಹಳೇ ಟೀವಿ ಥರದ ಪಿಕ್ಚರ್ ಟ್ಯೂಬ್) ಒಳಗೆ ಯಾವತ್ತೂ ಕೈ ಹಾಕಿಲ್ಲ.

ಹಳೇ_ಟೀವಿ_ಮೆಕ್ಯಾನಿಕ್ (ದಾವಣಗೆರೆ)

ಮೊದ್ಲು ಮೆಷಿನ್ ಆಫ್ ಮಾಡಿ ಸರ್, ಮಿಕ್ಕಿದ್ದೆಲ್ಲ ಆಮೇಲೆ. ಇಡೀ ಪರದೆಗೆ ಹಂಚಿ ಹೋಗ್ಬೇಕಾದ ಬೆಳಕು ಒಂದೇ ಗೆರೆ ಮೇಲೆ ಬೀಳ್ತಿದೆ, ಹಾಗೇ ಬಿಟ್ರೆ ಅಲ್ಲಿನ ಫಾಸ್ಫರ್, ಅಂದ್ರೆ ಪರದೆ ಒಳಗಿನ ಬೆಳಗೋ ಲೇಪ, ಸುಟ್ಟು ಖಾಯಂ ಕಲೆ ಆಗುತ್ತೆ. ಮತ್ತೆ ಆನ್ ಮಾಡ್ಲೇಬೇಕು ಅಂದ್ರೆ ಫ್ಲೈಬ್ಯಾಕ್ (ಹೈ ವೋಲ್ಟೇಜ್ ಕೊಡೋ ಟ್ರಾನ್ಸ್‌ಫಾರ್ಮರ್) ಮೇಲೆ ಸ್ಕ್ರೀನ್ ಅಂತ ಒಂದು ಕಂಟ್ರೋಲ್ ಇರುತ್ತೆ, ಅದನ್ನ ಗೆರೆ ಮಂಕಾಗೋ ತನಕ ಇಳಿಸಿ, ಮೊದ್ಲು ಎಲ್ಲಿತ್ತು ಅಂತ ಮಾರ್ಕರಲ್ಲಿ ಗುರುತು ಹಾಕ್ಕೊಳ್ಳಿ.

ಈಗ ಗೆರೆ ವಿಷಯ. ಪ್ಯಾಕ್‌ಮ್ಯಾನ್, ಮಿಸ್ ಪ್ಯಾಕ್‌ಮ್ಯಾನ್ ಎರಡ್ರಲ್ಲೂ ಮಾನಿಟರನ್ನ 90 ಡಿಗ್ರಿ ತಿರುಗಿಸಿ ಕೂರಿಸಿರ್ತಾರೆ, ಚಿತ್ರ ಅಗಲಕ್ಕಿಂತ ಉದ್ದ ಇರ್ಬೇಕಲ್ಲ ಅದಕ್ಕೆ. ತಲೆ ಒಂದು ಕಡೆಗೆ ವಾಲಿಸಿ ನೋಡಿ, ನಿಮ್ ಗೆರೆ ಮಲಗಿರುತ್ತೆ. ಟ್ಯೂಬ್ ಲೆಕ್ಕದಲ್ಲಿ ಅದು ಅಡ್ಡ ಗೆರೆನೇ, ಹಾಗಾಗಿ ಸತ್ತಿರೋದು ಗೆರೆಗಳನ್ನ ಟ್ಯೂಬಿನ ಮೇಲಿಂದ ಕೆಳಕ್ಕೆ ಹರಡೋ ವರ್ಟಿಕಲ್, ಹಾರಿಜಾಂಟಲ್ ಅಲ್ಲ. ಇದಕ್ಕೆ ಇನ್ನೊಂದು ಸಾಕ್ಷಿ ಇದೆ. ಈ ಮಾನಿಟರಲ್ಲಿ ಟ್ಯೂಬಿಗೆ ಬೇಕಾದ ಹೈ ವೋಲ್ಟೇಜ್ ಹುಟ್ಟೋದೇ ಹಾರಿಜಾಂಟಲ್ ಸರ್ಕ್ಯೂಟಿಂದ, ಅದು ಪೂರ್ತಿ ನಿಂತಿದ್ರೆ ಗೆರೆಯೂ ಇರ್ತಿರ್ಲಿಲ್ಲ, ಪರದೆ ಕತ್ತಲೆ. ಸೆಕೆಂಡಿಗೆ ಸುಮಾರು 15,750 ಸಲ ಓಡೋ ಹಾರಿಜಾಂಟಲ್ ಚೆನ್ನಾಗಿದೆ, ಸೆಕೆಂಡಿಗೆ 60 ಸಲ ಓಡೋ ವರ್ಟಿಕಲ್ ನಿಂತಿದೆ, ಅದಕ್ಕೇ ಎಲ್ಲಾ ಗೆರೆಗಳೂ ಒಂದರ ಮೇಲೊಂದು ಬೀಳ್ತಿವೆ. ನೀವು ನೋಡಿದ ಬಣ್ಣದ ಚೂರುಗಳು ಆಟದ ಭೂತಗಳೇ, ಅವು ಮೇಲೆ ಕೆಳಗೆ ಹೋಗೋದು ಕಾಣುತ್ತೆ, ಎಡ ಬಲ ಹೋಗೋದು ಕಾಣಲ್ಲ.

ಗೇಮ್ ಬೋರ್ಡ್ ಮೇಲೆ ಅನುಮಾನ ಬೇಡ. ಬೋರ್ಡಿಂದ ಸಿಂಕ್ (ಚಿತ್ರಾನ ತಾಳಕ್ಕೆ ಕೂರಿಸೋ ಸಿಗ್ನಲ್) ಬರ್ದೇ ಇದ್ರೆ ಚಿತ್ರ ಉರುಳುತ್ತೆ, ಹರಿದ ಹಾಗೆ ಕಾಣುತ್ತೆ, ಹೀಗೆ ಗೆರೆಯಾಗಿ ಮಡಚ್ಕೊಳ್ಳಲ್ಲ. ತಟ್ಟಿದ್ರೆ ಬರ್ತಿತ್ತು ಅಂದ್ರಲ್ಲ, ನನ್ ಅಂದಾಜಲ್ಲಿ ಡ್ರೈ ಸೋಲ್ಡರ್, ಅಂದ್ರೆ ಬಿಟ್ಟುಹೋದ ಬೆಸುಗೆ. ನಮ್ಮೂರ ಟೀವಿಗಳಲ್ಲೂ ಒಂದೇ ಗೆರೆ ಬರ್ತಿದೆ ಅಂತ ತಂದ್ರೆ ಮೊದ್ಲು ನೋಡ್ತಿದ್ದಿದ್ದೇ ಅದನ್ನ.

ಪಿಕ್ಸೆಲ್_ಪ್ರಿಯ (ಬೆಂಗಳೂರು)

ಎಲ್‌ಸಿಡಿ ಅನ್ನೋರು ಒಂದು ಮಾತು ಯೋಚ್ನೆ ಮಾಡಲ್ಲ, ಈ ಬೋರ್ಡಿಂದ ಬರೋದು 15 ಕಿಲೋಹರ್ಟ್ಸ್ ಸಿಗ್ನಲ್, ಮಾಮೂಲಿ ಕಂಪ್ಯೂಟರ್ ಮಾನಿಟರ್ ಅದನ್ನ ತಗೊಳ್ಳೋದೇ ಇಲ್ಲ, ಮಧ್ಯ ಒಂದು ಕನ್ವರ್ಟರ್ ಬೋರ್ಡ್ ಹಾಕ್ಬೇಕು, ಎಷ್ಟೋ ಕನ್ವರ್ಟರಲ್ಲಿ ಜಾಯ್‌ಸ್ಟಿಕ್ ತಿರುಗಿಸಿದ್ದಕ್ಕೂ ಪರದೆಯಲ್ಲಿ ಕಾಣೋದಕ್ಕೂ ಚೂರು ತಡ ಆಗುತ್ತೆ, ಮಿಸ್ ಪ್ಯಾಕ್‌ಮ್ಯಾನಲ್ಲಿ ಮೂಲೆ ತಿರುಗೋ ಕ್ಷಣದಲ್ಲೇ ಎಲ್ಲಾ ಇರೋದು. ಮೇಲಾಗಿ ಈ ಥರದ ಟ್ಯೂಬ್ ಈಗ ಯಾರೂ ತಯಾರಿಸ್ತಿಲ್ಲ. ಒಂದ್ಸಲ ಕಿತ್ತು ಬಿಸಾಕಿದ್ರೆ ವಾಪಸ್ ತರೋದು ಬಹಳ ಕಷ್ಟ. ನಿಮ್ ಟ್ಯೂಬ್ ಜೀವಂತ ಇದೆ ಬ್ರದರ್, ಗೆರೆ ಅಷ್ಟು ಬೆಳಗ್ತಿದೆ ಅಂದ್ರೆ ಟ್ಯೂಬಿನೊಳಗೆ ಎಲೆಕ್ಟ್ರಾನ್ ಚಿಮ್ಮಿಸೋ ಗನ್ ಕೆಲಸ ಮಾಡ್ತಿದೆ. ದಯವಿಟ್ಟು ಉಳಿಸ್ಕೊಳ್ಳಿ.

ಕೆಪಾಸಿಟರ್_ಕಾಕಾ (ಹುಬ್ಬಳ್ಳಿ)

ತಮ್ಮಾ, ಕೈ ಹಾಕೂಕಿಂತ ಮೊದ್ಲ ಇಷ್ಟು ಓದು. ಪ್ಲಗ್ ಕಿತ್ತ ಮೇಲೂ ಟ್ಯೂಬಿನ್ಯಾಗ ಚಾರ್ಜ್ ಉಳಿದಿರತೈತಿ, ಚಾಲೂ ಇದ್ದಾಗ ಅಲ್ಲಿ 20,000 ವೋಲ್ಟ್ ಆಸುಪಾಸು ಇರೂದು. ಉದ್ದನ್ನ ಸ್ಕ್ರೂಡ್ರೈವರಿಗೆ ಕ್ಲಿಪ್ ವಾಯರ್ ಕಟ್ಟಿ, ಇನ್ನೊಂದು ತುದಿ ಟ್ಯೂಬಿನ ಹಿಂದ ಸುತ್ತಿರೋ ಹೆಣೆದ ಅರ್ಥ್ ತಂತಿಗೆ ಹಾಕು. ಒಂದ ಕೈ ಹಿಂದಕ್ಕ ಇಟ್ಕೊಂಡು ಟ್ಯೂಬಿಗೆ ದಪ್ಪ ಹೈ ವೋಲ್ಟೇಜ್ ವಾಯರ್ ಕೂಡೂ ಜಾಗದಾಗಿನ ರಬ್ಬರ್ ಕಪ್ಪಿನ ಒಳಗ ಲೋಹಕ್ಕ ತಾಗೂ ತನಕ ಸ್ಕ್ರೂಡ್ರೈವರ್ ತೂರಿಸು. ಟಪ್ ಅಂತ ಸಪ್ಪಳ ಬಂದ್ರ ಹೆದರಬ್ಯಾಡ, ಸ್ವಲ್ಪ ಬಿಟ್ಟು ಮತ್ತೊಮ್ಮೆ ಮಾಡು. ಟ್ಯೂಬಿನ ಕುತ್ತಿಗಿ ಹಿಡಿದು ಎತ್ತಬ್ಯಾಡ, ಮುರದ್ರ ಮುಗೀತು.

ಇನ್ನೊಂದು, ಜಿ07ದು ಹಾಟ್ ಚಾಸಿ, ಅಂದ್ರ ಮಾನಿಟರಿನ ಸರ್ಕ್ಯೂಟ್ ಚೌಕಟ್ಟು ಸೀದಾ ಮೇನ್ಸ್ ಕರೆಂಟಿಗೆ ಕೂಡಿರತೈತಿ. ಕ್ಯಾಬಿನೆಟ್ ತಳದಾಗಿನ ಐಸೊಲೇಶನ್ ಟ್ರಾನ್ಸ್‌ಫಾರ್ಮರಿನಿಂದನ (ಮೇನ್ಸಿನಿಂದ ಬ್ಯಾರೆ ಇಡೂದು) ಅದಕ್ಕ ಕರೆಂಟ್ ಕೊಡಬೇಕು. ಟೇಬಲ್ ಮ್ಯಾಲೆ ಇಟ್ಟು ಸೀದಾ ಗೋಡಿ ಪ್ಲಗ್ಗಿಗೆ ಹಾಕಿದ್ರ ಚಾಸಿ ಮುಟ್ಟಿದಾಂವಗ ಶಾಕ್ ಹೊಡಿತೈತಿ.

ಈಗ ಕೆಲಸ. ಯೋಕ್ ಅಂದ್ರ ಟ್ಯೂಬಿನ ಕುತ್ತಿಗಿ ಸುತ್ತ ಇರೋ ತಂತಿ ಸುರುಳಿ, ಅದರ ಕನೆಕ್ಟರ್ ಬಿಚ್ಚಿ ವರ್ಟಿಕಲ್ ಸುರುಳಿ ಅಳಿ, ಸಾಮಾನ್ಯವಾಗಿ ಹಳದಿ ಮತ್ತ ಹಸಿರು ತಂತಿ. ಕೆಲವ ಓಮ್ ತೋರಿಸಿದ್ರ ಯೋಕ್ ಚಲೋ ಐತಿ, ಓಪನ್ (ತಂತಿ ಕಡದೈತಿ) ತೋರಿಸಿದ್ರ ಅಲ್ಲೇ ತಕರಾರು. ಆಮ್ಯಾಲೆ ಚಾಸಿ ತಿರುವಿ ಹಾಕಿ, ಯೋಕ್ ಬಂದು ಕೂಡೂ ಪಿನ್ನುಗಳು, ವರ್ಟಿಕಲ್ ಔಟ್‌ಪುಟ್ ಟ್ರಾನ್ಸಿಸ್ಟರಿನ ಕಾಲು, ದೊಡ್ಡ ರೆಸಿಸ್ಟರ್ ಸುತ್ತ ಭೂತಗನ್ನಡಿ ಹಿಡಿದು ನೋಡು. ಬಿಸಿಯಾಗಿ ಆರಿ, ಬಿಸಿಯಾಗಿ ಆರಿ 40 ವರ್ಷದಾಗ ಬೆಸುಗಿ ಬಿರೀತೈತಿ, ಅದರಾಗ ಮಾಡಿದ ಕಂಪನಿದು ಏನೂ ತಪ್ಪಿಲ್ಲ. ಬಿರುಕು ಕಂಡಲ್ಲೆ ಹಳೇ ಸೋಲ್ಡರ್ ತಗದು ಹೊಸದು ಹಾಕು, ಮ್ಯಾಲೆ ಮ್ಯಾಲೆ ಸವರಬ್ಯಾಡ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಎಲ್ಲಾ ಬದಲ ಮಾಡಿಬಿಡು, ಈ ಮಾಡೆಲ್ಲಿಗೆ ಸೆಟ್ ಆಗೇ ಸಿಗತಾವ. 105 ಡಿಗ್ರಿ ಬಿಸಿ ತಡಿಯೂದು ತಗೋ, ವೋಲ್ಟೇಜ್ ಮೊದಲಿನಷ್ಟ ಅಥವಾ ಜಾಸ್ತಿ ಇರಲಿ, ಪ್ಲಸ್ ಮೈನಸ್ ನೋಡಿ ಒಂದೊಂದ ತಗದು ಒಂದೊಂದ ಹಾಕು ಅಂದ್ರ ಅದಲು ಬದಲು ಆಗೂದಿಲ್ಲ.

ಗ್ಯಾರೇಜ್_ಗೇಮರ್ (ನ್ಯೂಜೆರ್ಸಿ)

ಎಲ್ರಿಗೂ ತುಂಬಾ ಥ್ಯಾಂಕ್ಸ್, ಚಿತ್ರ ಬಂತು! ಕಾಕಾ ಹೇಳಿದ ಹಾಗೇ ಡಿಸ್ಚಾರ್ಜ್ ಮಾಡಿದೆ, ಯೋಕ್ ಸರಿ ಇತ್ತು. ಚಾಸಿ ತಿರುಗಿಸಿ ಯೋಕ್ ಕನೆಕ್ಟರ್ ಹತ್ರ ಲೆನ್ಸ್ ಹಿಡಿದ್ರೆ ಒಂದು ಪಿನ್ ಸುತ್ತ ಕೂದಲಿನಷ್ಟು ತೆಳ್ಳಗೆ ಕಪ್ಪು ಉಂಗುರ, ಪಿನ್ನನ್ನ ಮೇಲಿಂದ ಒತ್ತಿದ್ರೆ ಸೋಲ್ಡರ್ ಗುಡ್ಡೆ ಅಲ್ಲಾಡದೆ ಪಿನ್ ಮಾತ್ರ ಅಲ್ಲಾಡ್ತಿತ್ತು. ಆ ಸಾಲಿನ ಎಲ್ಲಾ ಪಿನ್ನೂ ಹೊಸದಾಗಿ ಸೋಲ್ಡರ್ ಮಾಡಿದೆ, ಕೆಪಾಸಿಟರ್ ಸೆಟ್ಟೂ ಹಾಕಿದೆ. ಗುಲಾಬಿ ಮೇಜ್ ನೋಡಿ ಮಕ್ಕಳು ಕುಣಿದಾಡಿಬಿಟ್ರು.

ಒಂದೇ ಉಳಿದಿರೋದು, ಚಿತ್ರ ಎಡ ಬಲ ಎರಡೂ ಕಡೆ ಸ್ವಲ್ಪ ಒಳಗಿದೆ, ಪಕ್ಕದಲ್ಲಿ ಕಪ್ಪು ಪಟ್ಟಿ. ಯಾವುದನ್ನ ತಿರುಗಿಸ್ಬೇಕು?

ಹಳೇ_ಟೀವಿ_ಮೆಕ್ಯಾನಿಕ್ (ದಾವಣಗೆರೆ)

ಭೇಷ್! ಮೊದ್ಲು ಬಿ ಪ್ಲಸ್, ಅಂದ್ರೆ ಮಾನಿಟರಿನ ಮುಖ್ಯ ಡಿಸಿ ವೋಲ್ಟೇಜ್, ನೋಡಿ, ಜಿ07ಗೆ 120 ವೋಲ್ಟ್ ಇರ್ಬೇಕು, ಅದು ಕಡಿಮೆ ಇದ್ರೂ ಚಿತ್ರ ಕುಗ್ಗುತ್ತೆ. ಜಾಸ್ತಿ ಮಾತ್ರ ಏರಿಸ್ಬೇಡಿ, ಫ್ಲೈಬ್ಯಾಕ್ ಮೇಲೆ ಭಾರ ಬೀಳುತ್ತೆ. ಅದು ಸರಿಯಿದ್ರೆ ವರ್ಟಿಕಲ್ ಸೈಜ್ ತಿರುಗಿಸಿ, ಮಾನಿಟರ್ ತಿರುಗಿಸಿ ಕೂರಿಸಿರೋದ್ರಿಂದ ನಿಮ್ ಕಣ್ಣಿಗೆ ಚಿತ್ರ ಎಡ ಬಲಕ್ಕೆ ಹಿಗ್ಗುತ್ತೆ. ಪ್ಲಾಸ್ಟಿಕ್ ಅಲೈನ್‌ಮೆಂಟ್ ಟೂಲಲ್ಲೇ ತಿರುಗಿಸಿ, ಲೋಹದ್ದು ಬೇಡ, ಎದುರಿಗೆ ಒಂದು ಕನ್ನಡಿ ಇಟ್ಕೊಂಡ್ರೆ ಹಿಂದೆ ನಿಂತೇ ಪರದೆ ನೋಡ್ಬಹುದು. ಸ್ಕ್ರೀನ್ ಕಂಟ್ರೋಲನ್ನ ಮಾರ್ಕ್ ಮಾಡಿದ ಜಾಗಕ್ಕೆ ತಂದ್ರಾ? ಇಲ್ಲಾಂದ್ರೆ ಅದನ್ನೂ ತನ್ನಿ.