ಸ್ಟಾರ್ ಯಾರ ಪಾಲಿಗೆ?

"ನೋಡ್ರೋ, ಇಂಟ್ ಸ್ಟಾರ್ ಪಿ, ಕಾಮಾ, ಕ್ಯೂ. ಒಂದೇ ಸಾಲಿನಲ್ಲಿ ಎರಡು ಪಾಯಿಂಟರ್!" ಗುಂಡ ತನ್ನ ಸಿ ಭಾಷೆಯ ಪ್ರೋಗ್ರಾಮ್ ತೋರಿಸಲು ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದ. ಪಾಯಿಂಟರ್ ಅಂದರೆ ಇನ್ನೊಂದು ವೇರಿಯಬಲ್‌ನ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್.

"ಒಂದೇ ಪಾಯಿಂಟರ್," ಎಂದಳು ವಿಮಲಾ. "ಕ್ಯೂ ಬರೀ ಇಂಟ್, ಪೂರ್ಣಾಂಕ."

"ಸ್ಟಾರನ್ನ ಇಂಟ್‌ಗೆ ಅಂಟಿಸಿಯೇ ಬರೆದಿದ್ದೇನಲ್ಲೇ!"

"ಗೋಂದು ಹಾಕಿ ಅಂಟಿಸು, ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಏನೂ ಅನ್ನಿಸುವುದಿಲ್ಲ. ಸ್ಟಾರ್ ಸೇರುವುದು ಪಕ್ಕದ ಹೆಸರಿಗೆ. ಕ್ಯೂಗೂ ಬೇಕಾದರೆ ಅದಕ್ಕೆ ಬೇರೆ ಸ್ಟಾರ್ ಕೊಡು."

"ಸಿ ಭಾಷೆ ಮಾಡಿದ ಡೆನ್ನಿಸ್ ರಿಚಿಗೆ ಇಷ್ಟು ಜಿಪುಣತನ ಯಾಕೆ?" ಸೀನ ಕೇಳಿದ.

"ಜಿಪುಣತನ ಅಲ್ಲ ಕಣೋ. ಬಳಸುವಾಗ ಹೇಗೆ ಬರೆಯುತ್ತೇವೋ, ಘೋಷಿಸುವಾಗಲೂ ಹಾಗೇ ಇರಲಿ ಅನ್ನುವ ಲೆಕ್ಕ. ಸ್ಟಾರ್ ಪಿ ಅಂದರೆ ಪಿಯಲ್ಲಿರುವ ವಿಳಾಸದಲ್ಲಿನ ಇಂಟ್ ಸಿಗುತ್ತದೆ, ಅಷ್ಟೇ."

ಗುಂಡ ಸುಮ್ನೆ ಕೂರುವವನಲ್ಲ. ಮೇನ್ ಫಂಕ್ಷನ್ ಒಳಗೆ, ಮುಂದಿನ ಸಾಲಿನಲ್ಲೇ ಸ್ಟಾರ್ ಪಿಗೆ 10 ತುಂಬಿ ರನ್ ಮಾಡಿದ. ಓಡಿತು! ಅವನ ಮುಖ ಅರಳಿತು.

"ಓಡಿದ್ದೇ ಭಯ," ಎಂದಳು ವಿಮಲಾ. "ಪಿ ಒಳಗೆ ಯಾವ ವಿಳಾಸ ಇಟ್ಟಿದ್ದೀಯ? ಏನೂ ಇಲ್ಲ. ಹೀಗೆ ಫಂಕ್ಷನ್ ಒಳಗೆ ಬರೆದ ಲೋಕಲ್ ಪಾಯಿಂಟರ್‌ನಲ್ಲಿ ಇರುವುದು ಯಾವುದೋ ಕಸ. ಕಣ್ಣು ಮುಚ್ಚಿಕೊಂಡು ಸಿಕ್ಕ ಮನೆಗೆ ನುಗ್ಗಿ ಗೋಡೆ ಮೇಲೆ 10 ಅಂತ ಗೀಚಿ ಬಂದಿದ್ದೀಯ. ಮನೆಯವರು ಇವತ್ತು ಇರಲಿಲ್ಲ, ಬಚಾವಾದೆ."

"ನನ್ನದು ಸ್ಟ್ಯಾಟಿಕ್, ಪ್ರೋಗ್ರಾಮ್ ಮುಗಿಯುವವರೆಗೂ ಇರುವ ಪಾಯಿಂಟರ್," ಸೀನ ಎದೆಯುಬ್ಬಿಸಿದ. "ಏನೂ ಕೊಡದಿದ್ದರೂ ತಾನಾಗಿಯೇ ನಲ್, ಅಂದರೆ ಯಾವ ವಿಳಾಸವನ್ನೂ ತೋರಿಸದ ಪಾಯಿಂಟರ್."

"ಫಂಕ್ಷನ್‌ಗಳ ಹೊರಗೆ ಬರೆದ ಗ್ಲೋಬಲ್ ಆದರೂ ಅಷ್ಟೇ. ಲೋಕಲ್‌ಗೆ ಆ ಭಾಗ್ಯ ಇಲ್ಲ. ಕೊಡಲು ವಿಳಾಸ ಇಲ್ಲದಿದ್ದರೆ ನಲ್ ಕೊಡು. ತಪ್ಪಿ ಮುಟ್ಟಿದರೆ ಸಾಮಾನ್ಯವಾಗಿ ಅಲ್ಲೇ ಸೆಗ್ಮೆಂಟೇಶನ್ ಫಾಲ್ಟ್ ಅಂತ ಪ್ರೋಗ್ರಾಮ್ ನಿಲ್ಲುತ್ತದೆ. ಎಲ್ಲಿ ಸತ್ತಿತು ಅಂತಾದರೂ ಗೊತ್ತಾಗುತ್ತದೆ."

"ನಲ್ ತಂದವರೇ ಅದನ್ನ ನೂರು ಕೋಟಿ ಡಾಲರಿನ ತಪ್ಪು ಅಂದಿದ್ದಾರಂತಲ್ಲ?" ಸೀನ ಕೇಳಿದ.

"ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್. 1965ರಲ್ಲಿ, ಆಲ್ಗಾಲ್ ಡಬ್ಲ್ಯೂ ಅನ್ನುವ ಪ್ರೋಗ್ರಾಮಿಂಗ್ ಭಾಷೆಗೆ ಅಂತ ತಂದದ್ದು. ಗುಂಡನ ಪಿ ನೋಡಿದ್ದರೆ ಬಿಲ್ ಇನ್ನೂ ಜಾಸ್ತಿ ಆಗುತ್ತಿತ್ತು."

ಗುಂಡ ಈಗ ಇಂಟ್ ಸ್ಟಾರ್ ಪಿ ಸಮ ಆಂಪರ್ಸ್ಯಾಂಡ್ ಎಕ್ಸ್ ಎಂದು ಬರೆದ, ಅಂದರೆ ಎಕ್ಸ್‌ನ ವಿಳಾಸ ಪಿಗೆ. ಶಹಬ್ಬಾಸ್! ಆಮೇಲೆ ವೈ ಕಡೆ ತಿರುಗಿಸಲು ಸ್ಟಾರ್ ಪಿ ಸಮ ಆಂಪರ್ಸ್ಯಾಂಡ್ ವೈ ಎಂದ. ಕಂಪೈಲರ್ ಕಿರುಚಿತು.

"ಮೇಲಿನ ಸಾಲಲ್ಲಿ ನಡೆಯಿತಲ್ಲ!"

"ಅಲ್ಲಿ ಸ್ಟಾರ್ ಬರೀ ಘೋಷಣೆಯ ಭಾಗ, ವಿಳಾಸ ಹೋಗಿದ್ದು ಪಿಗೆ. ಇಲ್ಲಿ ಎಕ್ಸ್ ಒಳಗೆ ವಿಳಾಸ ತುರುಕುತ್ತಿದ್ದೀಯ. ಸ್ಟಾರ್ ತೆಗೆ, ಬರೀ ಪಿ ಸಾಕು. ಹಳೇ ಜಿಸಿಸಿ ಕಂಪೈಲರ್ ಇದಕ್ಕೆ ವಾರ್ನಿಂಗ್ ಕೊಟ್ಟು ಸುಮ್ಮನಾಗುತ್ತಿತ್ತು. 14ನೇ ಆವೃತ್ತಿಯಿಂದ ಎರರ್."

ಗುಂಡ ಕ್ಷಣ ಯೋಚಿಸಿದ. "ಹಾಗಾದರೆ 13 ಹಾಕಿಕೊಳ್ಳುತ್ತೇನೆ ಬಿಡು."